ಎರಡನೇ ರಿವಾಲ್ವರ್‌ಗೆ ಯಾವ ಬೋರ್? .32 ಅಂತ ಬರೆದದ್ದೆಲ್ಲ ಒಂದೇ ಅಲ್ಲ

ಕಳೆದ ಮಳೆಗಾಲದಲ್ಲಿ ನಮ್ಮ ಭಾವ ಫೋನ್ ಮಾಡಿದರು. ಅವರದು ಸಕಲೇಶಪುರದ ಕಡೆ ಕಾಫಿ ತೋಟ. ಅವರ ಹೆಸರಿಗೆ ಒಂದು .32 ರಿವಾಲ್ವರ್ ಇದೆ. ಜೋಡು ನಳಿಗೆ ಕೋವಿ ಅವರ ಅಪ್ಪನ ಹೆಸರಿನಲ್ಲಿದೆ. "ಇನ್ನೊಂದು ಸಣ್ಣದು ತಗೊಳ್ಳೋಣ ಅಂತಿದ್ದೀನಿ. ಯಾವ ಬೋರ್ ಒಳ್ಳೇದು, ಸ್ವಲ್ಪ ಹೇಳಪ್ಪ" ಎಂದರು. ಬೋರ್ ಅಂದರೆ ನಳಿಗೆಯ ಒಳಗಿನ ಅಗಲ.

ಈ ಪ್ರಶ್ನೆಯನ್ನು ನನಗೆ ಕೇಳಿದವರಲ್ಲಿ ಅವರು ಮೊದಲಿನವರಲ್ಲ. ಮಲೆನಾಡಿನಲ್ಲಿ ಕೋವಿ ಇರುವ ಮನೆಗಳು ಬೇಕಾದಷ್ಟಿವೆ. ರಿವಾಲ್ವರ್ ಇರುವ ಮನೆಗಳೂ ಇವೆ. ಆದರೆ ಬೋರ್ ಅಂದರೆ ಏನು, ಒಂದರಿಂದ ಇನ್ನೊಂದಕ್ಕೆ ಏನು ವ್ಯತ್ಯಾಸ ಅಂತ ಕನ್ನಡದಲ್ಲಿ ಕೂತು ಹೇಳುವವರು ಕಡಿಮೆ. ಯೂಟ್ಯೂಬ್ ತೆರೆದರೆ ಅಮೆರಿಕದವರು 9 ಎಂಎಂ ಒಳ್ಳೇದೋ .45 ಒಳ್ಳೇದೋ ಅಂತ ವಾದ ಮಾಡುತ್ತಿರುತ್ತಾರೆ. ಆ ವಾದ ನಮಗೆ ಹೊಂದುವುದಿಲ್ಲ. ಯಾಕೆ ಅಂತ ಮೊದಲು ನೋಡೋಣ.

ನಮ್ಮಲ್ಲಿ ಎರಡನೆಯದೇ ಕೊನೆಯದು

ಟೆಕ್ಸಾಸ್‌ನಲ್ಲಿರುವ ಒಬ್ಬ ಕನ್ನಡಿಗ ಎರಡನೇ ಪಿಸ್ತೂಲು ಕೊಂಡು, ಅದು ಸರಿಹೋಗಲಿಲ್ಲ ಅಂದರೆ ಮೂರನೆಯದನ್ನು ಕೊಳ್ಳಬಹುದು. ಇಲ್ಲಿ ಹಾಗಿಲ್ಲ. 1959ರ ಆಯುಧ ಕಾಯ್ದೆಯ ಪ್ರಕಾರ ಒಬ್ಬರ ಹೆಸರಿಗೆ ಮೂರು ಬಂದೂಕುಗಳವರೆಗೆ ಇರಬಹುದಿತ್ತು. 2019ರ ಡಿಸೆಂಬರ್‌ನಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಮೂರು ಇದ್ದದ್ದು ಎರಡಾಯಿತು. ಜಾಸ್ತಿ ಇದ್ದವರು ಒಂದು ವರ್ಷದೊಳಗೆ ಪೊಲೀಸ್ ಠಾಣೆಗೋ ಲೈಸೆನ್ಸ್ ಇರುವ ಡೀಲರ್ ಹತ್ತಿರವೋ ಒಪ್ಪಿಸಬೇಕಾಯಿತು. ಅದೇ ತಿದ್ದುಪಡಿಯಲ್ಲಿ ಲೈಸೆನ್ಸ್ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿತು.

ಇದರಲ್ಲಿ ಜನ ಗಮನಿಸದ ಒಂದು ಮಾತಿದೆ. ಹಿರಿಯರಿಂದ ಬಂದ ಕೋವಿಯೂ ಈ ಎರಡರ ಲೆಕ್ಕಕ್ಕೇ ಸೇರುತ್ತದೆ. ಅಜ್ಜನ ಕಾಲದ್ದು, ಪೂಜೆಗೆ ಇಡುವುದು, ಹಾರಿಸಿ ಇಪ್ಪತ್ತು ವರ್ಷ ಆಯಿತು ಅಂದರೂ ಲೆಕ್ಕ ಲೆಕ್ಕವೇ. ಭಾವನ ಅಪ್ಪನಿಗೆ ಈಗ ಎಂಬತ್ತು ದಾಟಿದೆ. ಇವರು ಎರಡನೇ ರಿವಾಲ್ವರ್ ತೆಗೆದುಕೊಂಡರೆ, ನಾಳೆ ಆ ಜೋಡು ನಳಿಗೆ ಇವರ ಹೆಸರಿಗೆ ಬರಲು ಜಾಗವೇ ಇರುವುದಿಲ್ಲ. ಬೋರ್ ಯಾವುದು ಅಂತ ಕೇಳುವ ಮೊದಲು ಇದನ್ನು ಮನೆಯವರೆಲ್ಲ ಕೂತು ಮಾತಾಡಬೇಕು ಅಂತ ನಾನು ಅವರಿಗೆ ಹೇಳಿದೆ.

ರೈಫಲ್ ಕ್ಲಬ್‌ನ ಸದಸ್ಯರಿಗೆ ಗುರಿ ಅಭ್ಯಾಸದ .22 ರೈಫಲ್ ಮತ್ತು ಏರ್ ರೈಫಲ್ ವಿಷಯದಲ್ಲಿ ಕಾಯ್ದೆಯೇ ವಿನಾಯಿತಿ ಕೊಟ್ಟಿದೆ. ಅಲ್ಲಿರುವ ಪದ ರೈಫಲ್. .22 ಪಿಸ್ತೂಲಿಗೆ ಅದು ಅನ್ವಯಿಸುವುದಿಲ್ಲ. ಶೂಟಿಂಗ್ ಕ್ರೀಡಾಪಟುಗಳಿಗೆ ಬೇರೆ ನಿಯಮ ಇದೆ, ಅದು ನಮ್ಮಂಥ ಸಾಮಾನ್ಯ ಲೈಸೆನ್ಸುದಾರರ ವಿಷಯ ಅಲ್ಲ.

ಎರಡನೇ ಕಟ್ಟುಪಾಡು ಬೋರ್‌ನದೇ. ಲೈಸೆನ್ಸ್ ಪುಸ್ತಕದಲ್ಲಿ ಎನ್‌ಪಿಬಿ ಅಂತ ಬರೆದಿರುತ್ತಾರೆ, ನೋಡಿರಬಹುದು. ನಿಷೇಧವಿಲ್ಲದ ಬೋರ್ ಅಂತ ಅದರ ಅರ್ಥ. ಸೇನೆ, ಪೊಲೀಸರು ಬಳಸುವ ಗುಂಡು ಹಾಕಿ ಹಾರಿಸಬಹುದಾದ ಆಯುಧ ನಿಷೇಧಿತ ಬೋರ್ ಆಗುತ್ತದೆ. 9 ಎಂಎಂ ಪಿಸ್ತೂಲು, .303 ರೈಫಲ್ ಎಲ್ಲ ಇದರಲ್ಲಿ ಬರುತ್ತವೆ. ಬ್ರಿಟಿಷರ ಕಾಲದ ಯೋಚನೆ ಇದು. ಸರ್ಕಾರದ ಉಗ್ರಾಣದಿಂದ ಗುಂಡು ಕಳವಾದರೂ ಅದು ಜನರ ಬಂದೂಕಿಗೆ ಹೊಂದಬಾರದು ಎಂಬ ಲೆಕ್ಕ. ನಿಷೇಧಿತ ಬೋರ್‌ಗೆ ಅನುಮತಿ ಕೊಡುವುದು ಕೇಂದ್ರ ಗೃಹ ಸಚಿವಾಲಯ, ಅದೂ ತೀರಾ ಕೆಲವರಿಗೆ. ಹಾಗಾಗಿ ಜಗತ್ತಿನಲ್ಲಿ ಅತಿ ಹೆಚ್ಚು ಓಡುವ 9 ಎಂಎಂ ನಮ್ಮ ನಿಮ್ಮ ಆಯ್ಕೆಯಲ್ಲೇ ಇಲ್ಲ.

ಮೂರನೆಯದು, ಅಂಗಡಿಯಲ್ಲಿ ಏನು ಸಿಗುತ್ತದೆ ಎಂಬುದು. 1980ರ ದಶಕದ ಮಧ್ಯದಿಂದ ವಿದೇಶಿ ಬಂದೂಕು ತರಿಸಿಕೊಳ್ಳುವುದು ಹೆಚ್ಚುಕಡಿಮೆ ನಿಂತಿತು. ಅದಕ್ಕೂ ಮೊದಲು ಬಂದ ವಾಲ್ಥರ್, ಕೋಲ್ಟ್, ವೆಬ್ಲಿಗಳೇ ಇವತ್ತಿಗೂ ಕೈಯಿಂದ ಕೈಗೆ ಹೋಗುತ್ತಿವೆ. ಅವುಗಳಿಗೆ ಕೇಳುವ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಹೊಸದು ಬೇಕು ಅಂದರೆ ಬಹುಮಟ್ಟಿಗೆ ಸರ್ಕಾರಿ ಕಾರ್ಖಾನೆಯದೇ. ಕಾನ್ಪುರದ .32 ರಿವಾಲ್ವರ್, ಅಲ್ಲಿಯದೇ ನಿರ್ಭೀಕ್ ಮತ್ತು ಪ್ರಬಲ್, ಕೋಲ್ಕತ್ತಾದ ಕಾಶಿಪುರ ಕಾರ್ಖಾನೆಯ ಅಶನಿ ಪಿಸ್ತೂಲು, ಇಷಾಪುರದ .22 ನಿಡರ್ ರಿವಾಲ್ವರ್. ಈಚೆಗೆ ವೆಬ್ಲಿ ಹೆಸರಿನ .32 ರಿವಾಲ್ವರ್ ಉತ್ತರ ಪ್ರದೇಶದ ಹರ್ದೋಯಿಯಲ್ಲೂ ತಯಾರಾಗುತ್ತಿದೆ.

ಈ ಪಟ್ಟಿ ನೋಡಿದರೆ ಗೊತ್ತಾಗುತ್ತದೆ. ಅಮೆರಿಕದವನಿಗೆ ಹತ್ತಾರು ಬೋರ್‌ಗಳ ಆಯ್ಕೆ ಇದೆ. ಹೊಸದರಲ್ಲಿ ನಮಗೆ ಹೆಚ್ಚಾಗಿ ಸಿಗುವುದು ಎರಡೇ ಅಂಕಿ, .32 ಮತ್ತು .22. ಆದರೆ ತೋಟಾಗಳು ಮೂರು. ಆ ಮೂರನೆಯದೇ ಜನರನ್ನು ಎಡವಿಸುವುದು.

ಎರಡು .32 ಅಂಗೈಯಲ್ಲಿ

ಮೊದಲು ಮಾತು ಸ್ಪಷ್ಟ ಮಾಡಿಕೊಳ್ಳೋಣ. ತೋಟಾ ಅಂದರೆ ಇಡೀ ಘಟಕ. ಹಿತ್ತಾಳೆಯ ಕೇಸ್, ಅದರ ಹಿಂದೆ ಕೇಪು, ಒಳಗೆ ಮದ್ದು, ಮುಂದೆ ಗುಂಡು. ಹಾರಿ ಹೋಗುವುದು ಗುಂಡು ಮಾತ್ರ. ಬೋರ್ ಅಂದರೆ ನಳಿಗೆಯ ಒಳಗಿನ ಅಗಲ. .32 ಅಂದರೆ ಒಂದು ಇಂಚಿನ ನೂರರಲ್ಲಿ 32 ಭಾಗ, ಸುಮಾರು 8 ಮಿಲಿಮೀಟರ್. ಇದೂ ಕರಾರುವಾಕ್ಕಾದ ಅಳತೆ ಅಲ್ಲ, ಹಳೆಯ ಕಾಲದಿಂದ ಬಂದ ಹೆಸರು ಅಷ್ಟೆ. .38 ಸ್ಪೆಷಲ್ ಅಂತ ಕರೆಯುವ ಗುಂಡನ್ನು ಅಳೆದರೆ ಇಂಚಿನ .357 ಭಾಗ ಬರುತ್ತದೆ. ಹೆಸರು ನೋಡಿ ಅಳತೆ ಊಹಿಸಬೇಡಿ.

ರಿವಾಲ್ವರಿನಲ್ಲಿ ತೋಟಾ ಸುತ್ತುವ ಸಿಲಿಂಡರಿನ ಗೂಡುಗಳಲ್ಲಿ ಕೂರುತ್ತದೆ, ಪಿಸ್ತೂಲಿನಲ್ಲಿ ಹಿಡಿಯೊಳಗಿನ ಮ್ಯಾಗಜೀನಿನಲ್ಲಿ. ಈಗ ಒಂದು ರಿವಾಲ್ವರ್ ತೋಟಾ, ಒಂದು ಪಿಸ್ತೂಲಿನ ತೋಟಾ ಪಕ್ಕಪಕ್ಕ ಇಟ್ಟು ನೋಡೋಣ. ಎರಡರ ಡಬ್ಬಿಯ ಮೇಲೂ .32 ಅಂತಲೇ ಇರುತ್ತದೆ.

ರಿವಾಲ್ವರಿನದು ಉದ್ದ. ಗುಂಡಿನ ತುದಿಯಿಂದ ಹಿಂಬದಿವರೆಗೆ ಸುಮಾರು 32 ಮಿಲಿಮೀಟರ್. ಇದರ ಪೂರ್ತಿ ಹೆಸರು .32 ಸ್ಮಿತ್ ಅಂಡ್ ವೆಸನ್ ಲಾಂಗ್. 1896ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು. ಹಿಂಬದಿಯಲ್ಲಿ ಬೆರಳು ಆಡಿಸಿ. ಅಂಚು ಹೊರಗೆ ಚಾಚಿಕೊಂಡಿರುವುದು ಉಗುರಿಗೆ ಸಿಗುತ್ತದೆ, ಸುತ್ತಲೂ ಅರ್ಧ ಮಿಲಿಮೀಟರ್‌ನಷ್ಟು. ತೋಟಾ ಸಿಲಿಂಡರಿನ ಗೂಡಿನೊಳಗೆ ಜಾರಿ ಹೋಗದೆ ನಿಲ್ಲುವುದು ಈ ಅಂಚಿನಿಂದ.

ಪಿಸ್ತೂಲಿನದು ಗಿಡ್ಡ. 25 ಮಿಲಿಮೀಟರ್. ಹೆಸರು .32 ಎಸಿಪಿ. ಜಾನ್ ಬ್ರೌನಿಂಗ್ 1899ರಲ್ಲಿ ಬೆಲ್ಜಿಯಂನ ಎಫ್‌ಎನ್ ಕಂಪನಿಯ ಪಿಸ್ತೂಲಿಗಾಗಿ ಮಾಡಿದ್ದು. ಯುರೋಪಿನಲ್ಲಿ ಇದನ್ನು 7.65 ಬ್ರೌನಿಂಗ್ ಅನ್ನುತ್ತಾರೆ. ಹಳೆಯ ವಾಲ್ಥರ್ ಇರುವವರು ನಳಿಗೆಯ ಮೇಲೆ 7.65 ಅಂತ ಕೆತ್ತಿರುವುದನ್ನು ನೋಡಿರುತ್ತಾರೆ. ಇದರ ಅಂಚು ತೀರಾ ಸಣ್ಣದು, ಕಾಲು ಮಿಲಿಮೀಟರ್ ಚಾಚಿದೆ ಅಷ್ಟೆ. ಮ್ಯಾಗಜೀನಿನಲ್ಲಿ ತೋಟಾಗಳು ಒಂದರ ಮೇಲೊಂದು ಕೂರಬೇಕು, ಅಂಚು ದೊಡ್ಡದಾದರೆ ಸಿಕ್ಕಿಕೊಳ್ಳುತ್ತವೆ. ಇಷ್ಟು ಸಣ್ಣ ಅಂಚೇ ಕೆಲವು ಸಲ ತೊಂದರೆ ಕೊಡುತ್ತದೆ. ತುಂಬುವಾಗ ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿನ ಹಿಂದೆ ಬಿದ್ದರೆ ಎರಡೂ ಕೊಂಡಿ ಹಾಕಿಕೊಳ್ಳುತ್ತವೆ, ಪಿಸ್ತೂಲು ಜಾಮ್ ಆಗುತ್ತದೆ.

ಇನ್ನು ಅಪಾಯದ ವಿಷಯ. ಕೇಸಿನ ಬುಡದ ದಪ್ಪ ಎರಡರದ್ದೂ ಒಂದೇ, ಸುಮಾರು ಎಂಟೂವರೆ ಮಿಲಿಮೀಟರ್. ಅಂದರೆ ಪಿಸ್ತೂಲಿನ ಗಿಡ್ಡ ತೋಟಾ ಅನೇಕ .32 ರಿವಾಲ್ವರ್‌ಗಳ ಗೂಡಿನಲ್ಲಿ ಸಲೀಸಾಗಿ ಕೂತುಬಿಡುತ್ತದೆ. ಸಣ್ಣ ಅಂಚೂ ಅದನ್ನು ಹಿಡಿದು ನಿಲ್ಲಿಸುತ್ತದೆ. ನೋಡುವವರಿಗೆ ಸರಿಯಾಗಿದೆ ಅನ್ನಿಸುತ್ತದೆ. ಆದರೆ ಒಳಗಿನ ಒತ್ತಡ ಬೇರೆ. ರಿವಾಲ್ವರಿನ ಲಾಂಗ್ ತೋಟಾಕ್ಕೆ ಗೊತ್ತುಮಾಡಿದ ಮಿತಿ ಚದರ ಇಂಚಿಗೆ 15,000 ಪೌಂಡ್. ಎಸಿಪಿಗೆ 20,500. ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ. ಮಧ್ಯಕ್ಕೆ ಮುರಿದು ತೆರೆಯುವ ಹಳೆಯ ರಿವಾಲ್ವರ್‌ಗಳಲ್ಲಿ ಮೇಲಿನ ಚಿಲಕವೊಂದೇ ಎಲ್ಲವನ್ನೂ ಹಿಡಿದುಕೊಂಡಿರುತ್ತದೆ. ಅದು ಸಡಿಲಾಗಿ, ಅಜ್ಜನ ಕಾಲದ ಕಬ್ಬಿಣವೂ ಆದರೆ ಏನಾಗಬಹುದು ಯೋಚಿಸಿ.

ಇದು ಬರೀ ಪುಸ್ತಕದ ಮಾತಲ್ಲ. ಒಮ್ಮೆ ನಾನೇ ಒಂದು ಅಂಗಡಿಯಲ್ಲಿ ".32 ಗುಂಡು ಕೊಡಿ" ಎಂದೆ. ರಿವಾಲ್ವರಿಗೆ ಅಂತ ಹೇಳಲಿಲ್ಲ. ಅಲ್ಲಿದ್ದ ಹುಡುಗ ಪಿಸ್ತೂಲಿನ ಡಬ್ಬಿ ತಂದಿಟ್ಟ, ಪುಸ್ತಕದಲ್ಲಿ ಬರೆಯಲು ಶುರು ಮಾಡಿಯೂ ಬಿಟ್ಟ. ಡಬ್ಬಿ ತೆರೆದಾಗ ತೋಟಾ ಗಿಡ್ಡವಾಗಿ ಕಂಡಿದ್ದರಿಂದ ಉಳಿದುಕೊಂಡೆ. ಅವತ್ತಿನಿಂದ ತೋಟಾದ ಪೂರ್ತಿ ಹೆಸರು ಹೇಳದೆ ಏನನ್ನೂ ಕೊಂಡಿಲ್ಲ. ಕೇಸಿನ ಹಿಂಬದಿಯಲ್ಲಿ ಕೆತ್ತಿದ ಅಕ್ಷರಗಳನ್ನೂ ಓದುತ್ತೇನೆ. ಕೆಎಫ್ ಅಂತ ಇದ್ದರೆ ಪುಣೆಯ ಖಡಕಿ ಕಾರ್ಖಾನೆಯದು.

ಒಂದೇ ಮನೆಯಲ್ಲಿ .32 ರಿವಾಲ್ವರೂ .32 ಪಿಸ್ತೂಲೂ ಇದ್ದರೆ ಈ ಗೊಂದಲ ಬೀರುವಿನೊಳಗೇ ಕೂತಿರುತ್ತದೆ. "ಎರಡೂ .32, ಗುಂಡು ಒಂದೇ ಆಗುತ್ತೆ" ಅಂತ ಲೆಕ್ಕ ಹಾಕಿ ಅಶನಿ ಕೊಂಡವರನ್ನು ನಾನು ಬಲ್ಲೆ. ಒಂದೇ ಆಗುವುದಿಲ್ಲ. ಎರಡು ಬಗೆ ತೋಟಾ, ಎರಡು ಡಬ್ಬಿ. ಕತ್ತಲಲ್ಲಿ ಗಾಬರಿಯಲ್ಲಿ ತುಂಬುವಾಗ ಯಾವುದು ಯಾವುದು ಅಂತ ಬೆರಳಿಗೆ ಗೊತ್ತಾಗಬೇಕು.

ಶಕ್ತಿ ಎಷ್ಟು, ಸಾಕಾ?

ಎಲ್ಲರೂ ಕೊನೆಗೆ ಕೇಳುವುದು ಇದನ್ನೇ. ಗುಂಡಿನ ತೂಕ ಮತ್ತು ವೇಗ ಸೇರಿದರೆ ಅದರ ಶಕ್ತಿ. ವೇಗ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟು. ಸಣ್ಣ ನಳಿಗೆಯಿಂದ ಹೊರಡುವ .22 ಗುಂಡಿನ ತೂಕ ಎರಡೂವರೆ ಗ್ರಾಂ ಆಸುಪಾಸು, ಶಕ್ತಿ ಸುಮಾರು 120 ಜೌಲ್. .32 ಲಾಂಗ್‌ನ ಗುಂಡು ಆರು ಗ್ರಾಂ ದಾಟುತ್ತದೆ, ನಿಧಾನ, ಸುಮಾರು 150 ಜೌಲ್. .32 ಎಸಿಪಿ ಹಗುರ ಆದರೆ ವೇಗ ಜಾಸ್ತಿ, ಸುಮಾರು 175. ಹೋಲಿಕೆಗೆ ಇರಲಿ ಅಂತ ಹೇಳುತ್ತೇನೆ, 9 ಎಂಎಂ ಮತ್ತು .45 ಎರಡೂ 480ರ ಆಸುಪಾಸಿನಲ್ಲಿ ಬರುತ್ತವೆ.

ಈಗ ಒಂದು ಲೆಕ್ಕ ಮಾಡಿ. 160 ಗ್ರಾಂ ತೂಕದ ಕ್ರಿಕೆಟ್ ಚೆಂಡು ಗಂಟೆಗೆ 140 ಕಿಲೋಮೀಟರ್ ವೇಗದಲ್ಲಿ ಬಂದರೆ ಅದರ ಶಕ್ತಿಯೂ ಸುಮಾರು 120 ಜೌಲ್. .22 ಗುಂಡಿನಷ್ಟೇ! ಚೆಂಡು ತೊಡೆಗೆ ಬಿದ್ದರೆ ಊದಿಕೊಳ್ಳುತ್ತದೆ. ಗುಂಡು ಬಿದ್ದರೆ ಪ್ರಾಣ ಹೋಗಬಹುದು. ವ್ಯತ್ಯಾಸ ಎಲ್ಲಿದೆ? ಚೆಂಡಿನ ಬಲ ಅಂಗೈ ಅಗಲಕ್ಕೆ ಹರಡುತ್ತದೆ. ಗುಂಡಿನದು ಕಡಲೆಕಾಳಿಗಿಂತ ಸಣ್ಣ ಜಾಗದಲ್ಲಿ ಕೂತು ಒಳಗೆ ಹೋಗುತ್ತದೆ. ಹಾಗಾಗಿ ಜೌಲ್ ಲೆಕ್ಕವೊಂದೇ ಏನನ್ನೂ ಹೇಳುವುದಿಲ್ಲ. ಎಷ್ಟು ಆಳ ಹೋಯಿತು, ಎಲ್ಲಿ ತಗುಲಿತು ಅನ್ನುವುದೇ ಮುಖ್ಯ.

ಈ ಪಾಠವನ್ನು ಅಮೆರಿಕದ ಎಫ್‌ಬಿಐ ದೊಡ್ಡ ಬೆಲೆ ಕೊಟ್ಟು ಕಲಿತಿತು. 1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ಇಬ್ಬರು ದರೋಡೆಕೋರರ ಜೊತೆ ಗುಂಡಿನ ಕಾಳಗ ಆಯಿತು. ಇಬ್ಬರು ಏಜೆಂಟರು ಸತ್ತರು, ಐವರಿಗೆ ಗಾಯ. ಒಬ್ಬ ದರೋಡೆಕೋರನಿಗೆ ಮೊದಲೇ ತಗುಲಿದ್ದ 9 ಎಂಎಂ ಗುಂಡು ತೋಳು ದಾಟಿ ಎದೆಯೊಳಗೆ ಹೋಗಿ ಹೃದಯದ ಹತ್ತಿರ ನಿಂತುಬಿಟ್ಟಿತ್ತು. ಅವನು ಅಷ್ಟರ ಮೇಲೂ ಹೋರಾಡಿದ. ಬೋರ್ ಸಣ್ಣದಾಯಿತು ಅಂತ ಎಫ್‌ಬಿಐ ದೊಡ್ಡದಾದ 10 ಎಂಎಂಗೆ ಹೋಯಿತು. ಅದರ ಒದೆತ ಅನೇಕರಿಗೆ ತಡೆಯಲಾಗಲಿಲ್ಲ. 1990ರಲ್ಲಿ ಸ್ವಲ್ಪ ಮೆದುವಾದ .40 ಬಂತು. ಕಾಲು ಶತಮಾನ ಕಳೆದ ಮೇಲೆ ಎಫ್‌ಬಿಐ ಮತ್ತೆ 9 ಎಂಎಂಗೇ ಬಂತು. ಅಷ್ಟರಲ್ಲಿ ಗುಂಡುಗಳ ತಯಾರಿ ಸುಧಾರಿಸಿತ್ತು ಅನ್ನುವುದು ಒಂದು ಕಾರಣ. ಒದೆತ ಕಡಿಮೆ ಇದ್ದರೆ ಜನ ಬೇಗ, ಸರಿಯಾಗಿ ಗುರಿ ಹೊಡೆಯುತ್ತಾರೆ ಅನ್ನುವುದು ಇನ್ನೊಂದು.

ನಮಗೆ ಬೇಕಾದದ್ದು ಆ ಎರಡನೇ ಕಾರಣ. .32 ಲಾಂಗ್ ಬಗ್ಗೆ "ಅದೇನು ಬಿಡಿ, ಪಟಾಕಿ" ಅಂತ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಂತರರಾಷ್ಟ್ರೀಯ 25 ಮೀಟರ್ ಸೆಂಟರ್‌ಫೈರ್ (ಕೇಪು ನಡುವೆ ಇರುವ ತೋಟಾದ) ಸ್ಪರ್ಧೆಗಳಲ್ಲಿ ಶೂಟರ್‌ಗಳು ಹೆಚ್ಚಾಗಿ ಆರಿಸಿಕೊಳ್ಳುವುದು ಇದೇ .32 ಲಾಂಗ್ ತೋಟಾವನ್ನು. ಕೈ ಎತ್ತಿ ಎಸೆಯುವುದಿಲ್ಲ, ಇಟ್ಟ ಕಡೆ ಹೋಗುತ್ತದೆ.

ಸಣ್ಣ ಬೋರ್ ಅಂತ ಹಗುರವಾಗಿ ನೋಡುವವರಿಗೆ ಇನ್ನೊಂದು ಮಾತು. 1948ರ ಜನವರಿ 30ರಂದು ಗಾಂಧೀಜಿಯನ್ನು ಕೊಂದ ಬೆರೆಟ್ಟಾ ಪಿಸ್ತೂಲು ಸೇನೆಯ ಪೂರ್ಣ 9 ಎಂಎಂ ಅಲ್ಲ. ಅದಕ್ಕಿಂತ ದುರ್ಬಲವಾದ ಗಿಡ್ಡ 9 ಎಂಎಂ, .380 ಅಂತಲೂ ಕರೆಯುವ ತೋಟಾ. ಈ ಯಾವ ತೋಟಾವೂ ಆಟದ ವಸ್ತು ಅಲ್ಲ. .22 ಕೂಡ.

.22 ಬಗ್ಗೆ ನೇರವಾಗಿ

ಭಾವನ ಮನಸ್ಸು ಇದ್ದದ್ದು ನಿಡರ್ ಮೇಲೆ. ಇಷಾಪುರ ರೈಫಲ್ ಕಾರ್ಖಾನೆಯದು, .22, ತೂಕ ಸುಮಾರು 250 ಗ್ರಾಂ. ಒಂದು ಲೋಟ ಕಾಫಿಯಷ್ಟು ಭಾರ. ಜೇಬಿನಲ್ಲಿದ್ದರೆ ಗೊತ್ತೇ ಆಗುವುದಿಲ್ಲ. ಅವರ .32 ಕಾನ್ಪುರದ ಹಳೆಯದು, ಅದರ ಹತ್ತಿರ ಇದು ಆಟಿಕೆ ಥರ ಕಾಣುತ್ತದೆ.

.22 ತೋಟಾದಲ್ಲಿ ಪ್ರತ್ಯೇಕ ಕೇಪು ಇಲ್ಲ. ಸಿಡಿಯುವ ಮಸಾಲೆಯನ್ನು ಹಿಂಬದಿಯ ಅಂಚಿನ ಮಡಿಕೆಯೊಳಗೇ ತುಂಬಿರುತ್ತಾರೆ. ತಯಾರಿಸುವಾಗ ಅಂಚಿನ ಒಂದು ಕಡೆ ಮಸಾಲೆ ಕಡಿಮೆ ಬಿದ್ದು, ಸೂಜಿ ಅಲ್ಲೇ ಹೊಡೆದರೆ ಬರೀ ಟಕ್ ಅನ್ನುತ್ತದೆ. .32ರಲ್ಲಿ ಕೇಪು ನಡುವೆ ಇರುವುದರಿಂದ ಹೀಗಾಗುವುದು ಕಡಿಮೆ. ರಿವಾಲ್ವರಿನಲ್ಲಿ ಟಕ್ ಅಂದರೆ ಟ್ರಿಗರ್ ಮತ್ತೊಮ್ಮೆ ಎಳೆಯಬಹುದು, ಮುಂದಿನ ಗೂಡು ಬರುತ್ತದೆ. ಪಿಸ್ತೂಲಾದರೆ ಎರಡೂ ಕೈ ಹಾಕಿ ಆ ತೋಟಾ ಹೊರಗೆ ತೆಗೆಯಬೇಕು.

ಹಾಗಂತ .22 ಬೇಡ ಅನ್ನುತ್ತಿಲ್ಲ. ಕಲಿಯಲು ಅದಕ್ಕಿಂತ ಒಳ್ಳೆಯದಿಲ್ಲ. ಸದ್ದು ಕಡಿಮೆ, ಒದೆತ ಇಲ್ಲವೆನ್ನುವಷ್ಟು. ಹೊಸಬರು ಗುಂಡು ಹಾರುವ ಕ್ಷಣದಲ್ಲಿ ಕಣ್ಣು ಮುಚ್ಚುತ್ತಾರೆ, ಮಣಿಕಟ್ಟು ಕೆಳಗೆ ಒತ್ತುತ್ತಾರೆ. ಗುರಿ ತಪ್ಪುವುದು ಹೆಚ್ಚಾಗಿ ಇದರಿಂದಲೇ. .22ರಲ್ಲಿ ಈ ಅಭ್ಯಾಸ ಬೇಗ ಬಿಡುತ್ತದೆ. ಆದರೆ ಕಲಿಯಲು ಬೇಕಾದದ್ದು ಸ್ವಲ್ಪ ಭಾರ ಇರುವ, ಉದ್ದ ನಳಿಗೆಯ ಪಿಸ್ತೂಲು. 250 ಗ್ರಾಂನದ್ದಲ್ಲ. ನಳಿಗೆ ಗಿಡ್ಡವಾದಷ್ಟೂ ಹಿಂದಿನ ಮುಂದಿನ ಗುರಿಕಡ್ಡಿಗಳ ನಡುವಿನ ದೂರ ಕಡಿಮೆ. ಕೈ ಕೂದಲೆಳೆಯಷ್ಟು ಅಲುಗಿದರೂ ಗುಂಡು ಅಂಗೈ ಅಗಲ ಆಚೆ ಹೋಗುತ್ತದೆ.

ತೂಕದ ವಿಷಯ .32ಗೂ ಹೊಂದುತ್ತದೆ. 2014ರಲ್ಲಿ ಕಾನ್ಪುರದಿಂದ ಬಂದ ನಿರ್ಭೀಕ್ ಟೈಟಾನಿಯಂ ಮಿಶ್ರಲೋಹದ್ದು, ಅರ್ಧ ಕೇಜಿ. ಹೆಂಗಸರ ಕೈಚೀಲಕ್ಕೆ ಅಂತ ಹೇಳಿ, ಸುಮಾರು 1.22 ಲಕ್ಷ ರೂಪಾಯಿಗೆ ಮಾರಿದರು. 2023ರ ಆಗಸ್ಟ್‌ನಲ್ಲಿ ಬಂದ ಪ್ರಬಲ್ ಸುಮಾರು 700 ಗ್ರಾಂ, ನಳಿಗೆ 76 ಮಿಲಿಮೀಟರ್, ಸಿಲಿಂಡರ್ ಪಕ್ಕಕ್ಕೆ ತೆರೆದುಕೊಳ್ಳುತ್ತದೆ. ಎರಡಕ್ಕೂ ತೋಟಾ ಒಂದೇ. ಹಗುರವಾದದ್ದು ಜಾಸ್ತಿ ಒದೆಯುತ್ತದೆ. ಸಣ್ಣ ಕೈಯವರಿಗೆ, ವಯಸ್ಸಾದವರಿಗೆ ಹಗುರವಾದದ್ದು ಕೊಡೋಣ ಅಂತ ಎಲ್ಲರಿಗೂ ಅನ್ನಿಸುತ್ತದೆ. ಹಾರಿಸುವಾಗ ಅವರಿಗೆ ಸುಲಭವಾಗುವುದು ಭಾರದ್ದೇ.

ಹಾಗಾದರೆ ಯಾವುದು?

ನನ್ನ ಅಭಿಪ್ರಾಯ ಹೇಳುತ್ತೇನೆ. ಮೊದಲನೆಯದು .32 ರಿವಾಲ್ವರ್ ಆಗಿದ್ದು, ಎರಡನೆಯದೂ ರಕ್ಷಣೆಗೇ ಅಂತಾದರೆ, ಮತ್ತೆ .32 ರಿವಾಲ್ವರನ್ನೇ ತೆಗೆದುಕೊಳ್ಳಿ. ಅದೇ ಲಾಂಗ್ ತೋಟಾ. ವರ್ಷಕ್ಕೆ ಎಷ್ಟು ತೋಟಾ ಕೊಳ್ಳಬಹುದು, ಒಂದು ಸಲಕ್ಕೆ ಎಷ್ಟು ಇಟ್ಟುಕೊಳ್ಳಬಹುದು ಅಂತ ಲೈಸೆನ್ಸಿನಲ್ಲಿ ಬರೆದಿರುತ್ತಾರೆ. ಆ ಮಿತಿಯೊಳಗೆ ಎರಡು ಬಗೆ ತೋಟಾ ಹಂಚಿಕೊಂಡು, ಯಾವುದರಲ್ಲೂ ಅಭ್ಯಾಸ ಆಗದೆ ಉಳಿಯುವವರೇ ಜಾಸ್ತಿ. ಕೈಗೂ ಗೊಂದಲ ಇಲ್ಲ. ರಿವಾಲ್ವರಿನ ಉದ್ದನೆಯ, ಬಿಗಿಯಾದ ಟ್ರಿಗರ್‌ಗೆ ಒಗ್ಗಿದ ಬೆರಳು ಪಿಸ್ತೂಲಿನ ಹಗುರ ಟ್ರಿಗರ್ ಮೇಲೆ ಬೇಗ ಒತ್ತಿಬಿಡುತ್ತದೆ. ಸೇಫ್ಟಿ ಗುಂಡಿಯೂ ಎರಡರಲ್ಲಿ ಒಂದೇ ಥರ ಇರುವುದಿಲ್ಲ.

.32 ಪಿಸ್ತೂಲಿಗೆ ಅದರದೇ ಗುಣ ಇದೆ. ಚಪ್ಪಟೆ, ಸೊಂಟದಲ್ಲಿ ಉಬ್ಬುವುದಿಲ್ಲ, ಮ್ಯಾಗಜೀನ್ ಬದಲಿಸುವುದು ಬೇಗ. ಆದರೆ ಅದು ತಿಂಗಳಿಗೊಮ್ಮೆಯಾದರೂ ಬಿಚ್ಚಿ ಒರೆಸಿ ಎಣ್ಣೆ ಹಾಕುವವರ ವಸ್ತು. ಬೀರುವಿನಲ್ಲಿಟ್ಟು ಮರೆಯುವವರಿಗೆ ರಿವಾಲ್ವರ್ ವಾಸಿ.

ಹಳೆಯ ವಿದೇಶಿ .25 ಪಿಸ್ತೂಲು ಯಾರಾದರೂ ತೋರಿಸಿದರೆ, ಮೊದಲು ಅದರ ತೋಟಾ ಎಲ್ಲಿ ಸಿಗುತ್ತದೆ ಅಂತ ಕೇಳಿ. ಉತ್ತರ ಬಂದ ಮೇಲೆ ಬೆಲೆ ಮಾತಾಡಿ.

ಮಲೆನಾಡಿನವರಿಗೆ ಇನ್ನೊಂದು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಗಾಳಿಯಲ್ಲೇ ನೀರಿರುತ್ತದೆ. ಚರ್ಮದ ಪಟ್ಟಿಯ ಕುಣಿಕೆಗಳಲ್ಲಿ ತೋಟಾ ಸಿಕ್ಕಿಸಿ ಇಟ್ಟರೆ ಒಂದೇ ಮಳೆಗಾಲಕ್ಕೆ ಹಿತ್ತಾಳೆ ಹಸಿರು ಕಿಲುಬು ಹಿಡಿಯುತ್ತದೆ. ಕಿಲುಬು ಹಿಡಿದ ತೋಟಾ ಗೂಡಿನಲ್ಲಿ ಸರಿಯಾಗಿ ಕೂರುವುದಿಲ್ಲ, ಹಾರಿದ ಮೇಲೆ ಕೇಸ್ ಹೊರಗೂ ಬರುವುದಿಲ್ಲ. ಭಾವನ ಮನೆಯಲ್ಲಿ ಹಾಗೆ ಕಿಲುಬು ಹಿಡಿದ ಹದಿನೆಂಟು ತೋಟಾ ಇದ್ದವು. ಯಾವ ಬೋರ್ ಒಳ್ಳೆಯದು ಅಂತ ಕೇಳುತ್ತಿದ್ದ ಹೊತ್ತಿಗೆ, ಅವರ ಹತ್ತಿರ ಇದ್ದದ್ದರಲ್ಲಿ ನಂಬಬಹುದಾದ ತೋಟಾ ಒಂದೂ ಇರಲಿಲ್ಲ. ತೋಟಾವನ್ನು ಗಾಳಿಯಾಡದ ಡಬ್ಬಿಯಲ್ಲಿ, ಬಂದೂಕಿನಿಂದ ಬೇರೆ ಬೀಗದೊಳಗೆ ಇಡಿ. ಮಕ್ಕಳಿರುವ ಮನೆಯಲ್ಲಿ ಇದನ್ನು ಎರಡು ಸಲ ಹೇಳಿಸಿಕೊಳ್ಳಬಾರದು. ಎರಡು ಬಂದೂಕು ಅಂದರೆ ಎರಡರಷ್ಟು ಜವಾಬ್ದಾರಿ. ಚುನಾವಣೆ ಬಂದಾಗ ಠಾಣೆಗೆ ಹೊತ್ತು ಒಪ್ಪಿಸಿ ರಸೀದಿ ಪಡೆಯುವುದೂ ಎರಡನ್ನೂ.

ಅಭ್ಯಾಸಕ್ಕಾಗಿಯೇ ಎರಡನೆಯದು ಬೇಕು ಅನ್ನುವವರಿಗೆ ಅದಕ್ಕಿಂತ ಸುಲಭದ ದಾರಿ ಇದೆ. 4.5 ಮಿಲಿಮೀಟರಿನ ಏರ್ ಪಿಸ್ತೂಲು. ಶಕ್ತಿ 20 ಜೌಲ್ ಒಳಗಿದ್ದರೆ 2016ರ ನಿಯಮಗಳಂತೆ ಅದಕ್ಕೆ ಲೈಸೆನ್ಸ್ ಬೇಡ. ಎರಡರ ಲೆಕ್ಕಕ್ಕೂ ಸೇರುವುದಿಲ್ಲ. ಉಸಿರು ಹಿಡಿಯುವುದು, ಗುರಿಕಡ್ಡಿ ಕೂಡಿಸುವುದು, ಟ್ರಿಗರನ್ನು ಮೆಲ್ಲಗೆ ಹಿಂಡುವುದು, ಎಲ್ಲವನ್ನೂ ಅದರಲ್ಲೇ ಕಲಿಯಬಹುದು. ಒಂದು ಗುಂಡಿಗೆ ಆಗುವ ಖರ್ಚು ಏನೇನೂ ಅಲ್ಲ. ಕ್ಲಬ್ಬಿನ 10 ಮೀಟರ್ ರೇಂಜ್ ಸಿಕ್ಕರಂತೂ ತಪ್ಪು ತಿದ್ದುವವರೂ ಪಕ್ಕದಲ್ಲಿರುತ್ತಾರೆ.

ದಸರಾ ಮುಗಿದ ವಾರ ಭಾವನನ್ನು ಅಂಥ ಒಂದು ರೇಂಜಿಗೆ ಕರೆದುಕೊಂಡು ಹೋದೆ. ಮೊದಲ ಹತ್ತು ಗುಂಡಿನಲ್ಲಿ ನಾಲ್ಕು ಕಾಗದಕ್ಕೇ ಬೀಳಲಿಲ್ಲ. ಮೂವತ್ತು ವರ್ಷದಿಂದ ಲೈಸೆನ್ಸ್ ಇರುವ ಮನುಷ್ಯ. ಅವರು ಏನೂ ಮಾತಾಡದೆ ಮತ್ತೆ ತುಂಬಿಕೊಂಡರು. ಸಂಜೆ ನಾಲ್ಕರ ಹೊತ್ತಿಗೆ ಹತ್ತಕ್ಕೆ ಹತ್ತೂ ಕರಿ ವೃತ್ತದ ಒಳಗೆ ಅಥವಾ ಅದರ ಅಂಚಿನಲ್ಲಿ ಬೀಳತೊಡಗಿದವು.

ವಾಪಸ್ ಬರುವಾಗ ಶಿರಾಡಿ ಘಾಟಿನ ಕಡೆಯಿಂದ ಮೋಡ ಏರುತ್ತಿತ್ತು. "ಅಪ್ಪನ ಕೋವಿ ನನ್ನ ಹೆಸರಿಗೆ ಮಾಡಿಸೋಕೆ ಏನೇನು ಕಾಗದ ಬೇಕು?" ಅಂತ ಕೇಳಿದರು. ಲೈಸೆನ್ಸುದಾರರಿಗೆ ಎಪ್ಪತ್ತು ದಾಟಿದ್ದರೆ, ಇಲ್ಲವೇ ಬಂದೂಕು ಇಟ್ಟುಕೊಂಡು 25 ವರ್ಷ ಆಗಿದ್ದರೆ, ಅವರು ಇರುವಾಗಲೇ ವಾರಸುದಾರರ ಹೆಸರಿಗೆ ಅರ್ಜಿ ಹಾಕಬಹುದು ಅಂತ ಹೇಳಿದೆ. ಉಳಿದ ವಾರಸುದಾರರ ಒಪ್ಪಿಗೆ ಬೇಕು, ಅರ್ಜಿ ಜಿಲ್ಲಾಧಿಕಾರಿ ಕಚೇರಿಗೆ. ಭಾವ ಕಾರು ಪಕ್ಕಕ್ಕೆ ನಿಲ್ಲಿಸಿ ತಂಗಿಗೆ ಫೋನ್ ಹಚ್ಚಿದರು.